ಮೇಲಕ್ಕೆ ತಿರುಗದ ಅಂಗೈ

ಅವರೆಕಾಯಿ ಕಾಲದಲ್ಲಿ ನಮ್ಮ ಮನೆಗೆ ಬಂದವರನ್ನು ನನಗಿಂತ ಮೊದಲು ಸೊಗಡಿನ ವಾಸನೆ ಮಾತಾಡಿಸುತ್ತದೆ. ಮೊನ್ನೆ ಬೆಳಗ್ಗೆಯೂ ನೆನೆಹಾಕಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಎರಡು ಬೆರಳಲ್ಲಿ ಒತ್ತಿದರೆ ಕಾಳು ಪುಳಕ್ಕನೆ ಸಿಪ್ಪೆ ಬಿಟ್ಟು ಬರಬೇಕು. ಕೆಲವು ಪೋಲಿ ಕಾಳುಗಳು ದೇವರ ಕೋಣೆಯವರೆಗೂ ಹಾರುತ್ತವೆ. ಅಷ್ಟರಲ್ಲಿ ಕೆಸರೆಯಿಂದ ಮೈದುನನ ಫೋನು ಬಂತು. ಅವನ ಹೆಂಡತಿ ಗಿರಿಜ, ಅಂದರೆ ನನ್ನ ವಾರಗಿತ್ತಿ, ಕೆಲವು ವಾರಗಳ ಹಿಂದೆ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದಳು.

“ಪಟ್ಟಿ ಬಿಚ್ಚಿದ್ರು ಅತ್ತಿಗೆ. ಮೂಳೆ ಕೂಡ್ಕೊಂಡಿದೆ ಅಂದ್ರು. ಇವಳು ನೋಡಿದ್ರೆ ಗೋಡೆ ಕಡೆ ತಿರುಗಿ ಮಲಗ್ಬುಟ್ಟವ್ಳೆ. ತಲೆ ಬಾಚ್ಕೋ ಅಂದ್ರೆ ‘ಯಾಕೆ’ ಅಂತಾಳೆ. ನೋವಿಗೇ ಹಿಂಗಾಗಿರಬೇಕು, ಅಲ್ವಾ?”

“ಆಮೇಲೆ ಮಾಡ್ತೀನಿ ಕಣಪ್ಪ” ಎಂದು ಇಟ್ಟೆ. ಕೈ ಕಾಳಿನ ಮೇಲೆ ಹಾಗೇ ನಿಂತಿತು. ಆ ‘ಯಾಕೆ’ ನನಗೆ ಚೆನ್ನಾಗಿ ಗೊತ್ತು. ಕೆಲವು ವರ್ಷದ ಹಿಂದೆ ಅದು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತ್ತು.

ಜನ ಕಲ್ಲಿನ ಮೇಲೆ ಬೀಳುತ್ತಾರೆ, ನಾನು ಬಿದ್ದದ್ದು ಹೂವಿನ ಮೇಲೆ. ದೇವರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ ಚೌಕಾಸಿ ಮಾಡಿ, ಗೆದ್ದ ಜಂಬದಲ್ಲಿ ತಿರುಗಿದವಳು ಒದ್ದೆ ದಂಟಿನ ರಾಶಿಗೆ ಕಾಲಿಟ್ಟೆ. ಬಲಗೈಯಲ್ಲಿದ್ದ ಹೂವನ್ನು ಮೇಲೆತ್ತಿ ಹಿಡಿದು, ಎಡಗೈಯನ್ನು ನೆಲಕ್ಕೆ ಊರಿದೆ. ಹೂವಿಗೆ ಏನೂ ಆಗಲಿಲ್ಲ, ಮಣಿಕಟ್ಟು ಮುರಿಯಿತು. ನಮ್ಮ ಯಜಮಾನರು ಈಗಲೂ ಬಂದವರೆದುರು ಇದನ್ನು ನಟಿಸಿ ತೋರಿಸುತ್ತಾರೆ.

ನೋಡಲು ಬಂದವರೆಲ್ಲ “ಸದ್ಯ, ಎಡಗೈ” ಎಂದರು. ಎಲ್ಲದರಲ್ಲೂ ‘ಸದ್ಯ’ ಹುಡುಕುವ ಚಾಳಿ ನನಗೂ ಉಂಟು. ಆದರೆ ಇದಕ್ಕೆ ಮಾತ್ರ ಹೂಂಗುಟ್ಟಲಾಗಲಿಲ್ಲ. ನಮ್ಮಲ್ಲಿ ಕೊರಳಲ್ಲಿರುವ ಇಷ್ಟಲಿಂಗವನ್ನು ಪೂಜೆಯ ಹೊತ್ತಿಗೆ ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತೇವೆ. ಆ ಅಂಗೈಯೇ ಗುಡಿ. ಪಟ್ಟಿ ಬಿಚ್ಚಿದಾಗ ನನ್ನ ಗುಡಿ ನೆಲ ನೋಡುತ್ತಿತ್ತು. ಮೇಲಕ್ಕೆ ತಿರುಗಿಸಲು ಹೋದರೆ ಬೆರಳ ತುದಿಯಿಂದ ಮೊಣಕೈವರೆಗೆ ಕಾದ ತಂತಿ ಎಳೆದಂತೆ ನೋವು. ಲಟ್ಟಣಿಗೆ ಹಿಡಿದು ಅತ್ತಿತ್ತ ತಿರುಗಿಸುವ ವ್ಯಾಯಾಮ ಹೇಳಿಕೊಟ್ಟಿದ್ದರು. ನಾನು ಲಟ್ಟಣಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದೆ.

ಪೂಜೆ ತಪ್ಪಿದ ಸಂಕಟ ಎಂದುಕೊಂಡೆವು ಎಲ್ಲರೂ. ಯಜಮಾನರು ಮಠದ ಅಯ್ಯನವರನ್ನು ಕೇಳಿ ಬಂದರು. “ಬಲ ಅಂಗೈಲಿ ಇಟ್ಕೊಳ್ಳಲಿ, ಅದೂ ಕಷ್ಟ ಆದ್ರೆ ಬಟ್ಟಲಲ್ಲಿ. ಅಮ್ಮನ ಕೈ ನೋವು ಶಿವನಿಗೆ ಗೊತ್ತಾಗಲ್ವಾ?” ಎಂದಿದ್ದರಂತೆ. ಅಷ್ಟು ಅಂತಃಕರಣದ ಮಾತಿಗೆ ನನ್ನೊಳಗಿಂದ ಬಂದದ್ದು ಒಂದೇ ಉತ್ತರ: ಯಾಕೆ? ಆಗಲೇ ನನಗೆ ಹೆದರಿಕೆಯಾದದ್ದು. ಮಾಡಲಾಗುತ್ತಿಲ್ಲ ಎಂದು ಅಳುವವಳಿಗೆ ದಾರಿ ತೋರಿಸಿದರೆ ಎದ್ದು ಹೊರಡಬೇಕು. ನನಗೆ ದಾರಿಯೇ ಬೇಡವಾಗಿತ್ತು.

ಯಜಮಾನರಿಗೆ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಆ ದಿನಗಳಲ್ಲಿ ಅಡುಗೆ ಅವರದೇ. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ನಾನು ಪೂರ್ತಿ ಉಂಡು ತಟ್ಟೆ ಸರಿಸಿದೆ. ಮೂಳೆ ಡಾಕ್ಟರ ಮುಂದೆ ಅವರು ಹೇಳಿದ್ದು ಕೈಯ ಸುದ್ದಿಯನ್ನಲ್ಲ.

“ಡಾಕ್ಟ್ರೇ, ಇವಳು ಬೈಯೋದನ್ನ ನಿಲ್ಲಿಸ್ಬುಟ್ಟವ್ಳೆ.”

ಡಾಕ್ಟರು ನಕ್ಕರು. ಯಜಮಾನರ ಮುಖ ನೋಡಿ ನಗು ನಿಲ್ಲಿಸಿದರು. ನಿದ್ದೆ, ಹಸಿವು, ಅಳು ಎಲ್ಲ ವಿಚಾರಿಸಿ, ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಎಂದರು. “ನನಗೇನು ತಲೆ ಕೆಟ್ಟಿದೆಯಾ?” ಎಂದೆ. “ಕೆಟ್ಟಿಲ್ಲ ಅಂತಾನಾದ್ರೂ ಹೇಳಿಸ್ಕೊಂಡು ಬರೋಣ ನಡಿಯೇ” ಎಂದರು ಯಜಮಾನರು.

ನನ್ನ ಬುದ್ಧಿ ನೋಡಿ: ಪಟ್ಟಿ ಬಿಚ್ಚಿದ ಕೈಗೆ ಹಳೇ ಬ್ಯಾಂಡೇಜು ಸುತ್ತಿಕೊಂಡು ಹೋದೆ. ಪರಿಚಯದವರು ಸಿಕ್ಕರೆ ಕೈ ತೋರಿಸಬಹುದಲ್ಲ! ಆ ಡಾಕ್ಟರಮ್ಮ ಮೊದಲು ಬ್ಯಾಂಡೇಜನ್ನೇ ಕೇಳಿದರು. ಸುಳ್ಳು ಹೇಳಲಾಗಲಿಲ್ಲ.

“ಬೆಳಗ್ಗೆ ಎದ್ದ ತಕ್ಷಣ ಏನು ಮಾಡಬೇಕು ಅನ್ನಿಸುತ್ತಮ್ಮ?”

“ಏನೂ ಅನ್ನಿಸಲ್ಲ. ಪೂಜೆ ಮಾಡಬೇಕು ಅಂತಲೂ ಅನ್ನಿಸಲ್ಲ.” ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ದೇವರ ಮೇಲೆ ಸಿಟ್ಟಾ?”

“ಸಿಟ್ಟೂ ಬರಲ್ಲ.”

“ಬರೋ ಹಾಗೆ ಮಾಡೋಣ ಬಿಡಿ” ಎಂದರು. ಅದು ನನ್ನ ಭಕ್ತಿಯ ಕೊರತೆಯಲ್ಲ, ಖಿನ್ನತೆ ಎಂಬ ಕಾಯಿಲೆ, ಬಹುದಿನದ ನೋವಿನ ಜೊತೆ ಅದೂ ಬರುವುದುಂಟು ಎಂದು ಬಿಡಿಸಿ ಹೇಳಿದರು. ಮಾತ್ರೆ ಕೊಟ್ಟರು, ಕೂರಿಸಿಕೊಂಡು ಮಾತಾಡಿಸಿದರು, ಮತ್ತೆ ಮತ್ತೆ ಕರೆಸಿಕೊಂಡರು. ಬೇಗ ಏನೂ ಆಗಲಿಲ್ಲ. ಮಾತ್ರೆಯನ್ನು ವಿಭೂತಿ ಡಬ್ಬಿಯ ಪಕ್ಕ ಇಟ್ಟಿದ್ದೆ. ಯಾರಾದರೂ ಕೇಳಿದರೆ ಕ್ಯಾಲ್ಸಿಯಂ ಎನ್ನುತ್ತಿದ್ದೆ.

ಒಂದು ಬೆಳಗ್ಗೆ ಹಾಸಿಗೆ ಮೇಲೆ ಒದ್ದೆ ಟವೆಲ್ಲು ಬಿದ್ದಿತ್ತು. “ಏನ್ರೀ ಇದು, ಮನೇನಾ ಛತ್ರಾನಾ?” ಎಂದು ಕೂಗಿದೆ. ಯಜಮಾನರು ಓಡಿ ಬಂದು, ದೇವರ ಕೋಣೆ ಕಡೆ ತಿರುಗಿ ಕೈಮುಗಿದರು. “ಬಂತಪ್ಪ ಶಿವನೇ!”

ಅವತ್ತೇ ಲಟ್ಟಣಿಗೆ ಹಿಡಿದೆ. ನೋವಿಗೆ ಕಣ್ಣಲ್ಲಿ ನೀರು ಬಂದರೂ ತಿರುಗಿಸಿದೆ. ಅಂಗೈ ಅರ್ಧ ತಿರುಗುವ ಹೊತ್ತಿಗೆ ಪೂಜೆಗೆ ಕೂರಬೇಕೆನ್ನಿಸಿತು. ಯಾರೂ ಹೇಳದೆ, ತಾನಾಗಿ. ವಾಲಿದ ಅಂಗೈಯಿಂದ ಲಿಂಗ ಜಾರೀತೆಂದು ಹೆದರಿದೆ. ಯಜಮಾನರು ತಮ್ಮ ಅಂಗೈಯನ್ನು ನನ್ನ ಕೈಯಡಿಗೆ ತಂದು, ಪೂಜೆ ಮುಗಿಯುವವರೆಗೂ ಅಲುಗದೆ ಕೂತರು. ಈಗಲೂ ಅಂಗೈ ತುಸು ವಾಲಿಯೇ ಇದೆ. ಶಿವನೂ ತುಸು ವಾಲಿಕೊಂಡೇ ಕೂರುತ್ತಾನೆ, ಬೇಸರವೇನೂ ಹೇಳಿಲ್ಲ.

ಇಷ್ಟೆಲ್ಲ ನೆನಪಾಗಿ, ಕೈ ಒರೆಸಿಕೊಂಡು ಗಿರಿಜಳಿಗೇ ಫೋನು ಮಾಡಿದೆ. ದನಿ ಎಲ್ಲೋ ಬಾವಿಯೊಳಗಿಂದ ಬಂತು.

“ಅಕ್ಕಾ, ಅವಾಗ ನೀವು ತಗೋತಿದ್ರಲ್ಲ, ಆ ಕ್ಯಾಲ್ಸಿಯಂ ಹೆಸರು ಹೇಳಿ. ನಮ್ಮನೆಯವ್ರು ತರ್ತಾರಂತೆ.”

ಈಗಲೂ ತಪ್ಪಿಸಿಕೊಳ್ಳಬಹುದಿತ್ತು.

“ಅದು ಕ್ಯಾಲ್ಸಿಯಂ ಅಲ್ಲ ಕಣೇ ಗಿರಿಜ. ಮನಸ್ಸಿನ ಡಾಕ್ಟ್ರು ಕೊಟ್ಟಿದ್ದು.”

“ನಿಮಗಾ? ನೀವು ಎಲ್ಲರಿಗೂ ಬೈಕೊಂಡು ಗಟ್ಟಿಯಾಗೇ ಇದ್ರಲ್ಲ?”

“ಅವಾಗ ಬೈತಿರಲಿಲ್ಲ ಕಣೇ, ಅದೇ ಕಾಯಿಲೆ. ನನ್ನ ಮಾತ್ರೆ ನಿನಗಲ್ಲ. ನಿನ್ನ ನೋಡಿ ಅವರೇ ಹೇಳಬೇಕು. ನಾಳೆ ಕರ್ಕೊಂಡು ಹೋಗ್ತೀನಿ, ತಲೆ ಬಾಚ್ಕೊಂಡಿರು.”

“ಯಾಕೆ?”

“ನನ್ನ ಹತ್ರ ಬೈಸ್ಕೋಬಾರದು ಅಂತ!”

ಆ ಕಡೆಯಿಂದ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ. “ಬನ್ನಿ ಅಕ್ಕ” ಎಂದಳು.

ನಾಳೆ ಅವಳಿಗೂ ಒಂದು ಡಬ್ಬಿ ಸಾರು ಒಯ್ಯಬೇಕು ಎಂದು ಇನ್ನಷ್ಟು ಕಾಳು ನೆನೆಹಾಕಿ, ಮೊದಲೇ ನೆನೆದಿದ್ದ ಕಾಳಿನ ಪಾತ್ರೆ ಮುಂದೆ ಕೂತೆ. ಒತ್ತಿದ ಮೊದಲ ಕಾಳೇ ದೇವರ ಕೋಣೆಗೆ ಹಾರಿತು. ಎದ್ದು ಹೋಗಿ, ಅದನ್ನು ಹೆಕ್ಕಿ ಎಡ ಅಂಗೈಯಲ್ಲಿ ಇಟ್ಟುಕೊಂಡು ಬಂದು, ಉಳಿದವನ್ನು ಹಿತುಕತೊಡಗಿದೆ.