ಗುರುಸಿದ್ದಮ್ಮನ ಕಿವಿ

ನನ್ನ ಗಂಡನ ಮೊದಲನೇ ಹೆಂಡತಿ ಗುರುಸಿದ್ದಮ್ಮ ಸತ್ತು ಆರು ವರ್ಷವಾಯಿತು. ನಾನು ಈ ಮನೆಗೆ ಬಂದು ನಾಲ್ಕು ವರ್ಷ. ಈ ನಾಲ್ಕು ವರ್ಷದಲ್ಲಿ ಅವಳ ಹೆಸರು ಕೇಳದೆ ನಾನು ಒಂದು ದಿನವೂ ಊಟ ಮಾಡಿಲ್ಲ. ಸಾರಿಗೆ ಹುಳಿ ಹೆಚ್ಚಾದರೆ ಅವಳು, ಹಸು ಒದ್ದರೆ ಅವಳು, ಅಟ್ಟದ ಮೇಲಿನ ಕಾಯಿಯ ಮಾತು ಬಂದರಂತೂ ಅವಳೇ ಅವಳು. ಬದುಕಿರುವ ಸವತಿಯಾಗಿದ್ದರೆ ಜುಟ್ಟು ಹಿಡಿದು ಜಗಳವಾಡಿ ಹಗುರವಾಗಬಹುದಿತ್ತು. ಸತ್ತವಳ ಹತ್ತಿರ ಏನೆಂದು ಜಗಳ ತೆಗೆಯಲಿ?

ಅವಳ ಕಥೆ ಹೇಳುವುದು ನನಗೇನು ಖುಷಿಯ ಕೆಲಸವಲ್ಲ. ಆದರೆ ಅವಳ ವಿಷಯ ನನ್ನಷ್ಟು ತಿಳಿದುಕೊಂಡವರು ಈ ದಂಡಿನಶಿವರದಲ್ಲಿ ಇನ್ನೊಬ್ಬರಿಲ್ಲ. ಹೊಟ್ಟೆಕಿಚ್ಚು ಪಡುವವರು ವಿಚಾರಿಸಿದಷ್ಟು ಚೆನ್ನಾಗಿ ಬೇರೆ ಯಾರೂ ವಿಚಾರಿಸುವುದಿಲ್ಲ.

ಹಂದನಕೆರೆ ಕಡೆಯವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮುಂದಿನ ಎರಡು ಹಲ್ಲು ಸ್ವಲ್ಪ ಉಬ್ಬು. ಇದನ್ನು ನಾನು ಫೋಟೊ ದೊಡ್ಡದು ಮಾಡಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುತ್ತಿದ್ದಳಂತೆ. ಸಿಟ್ಟು ಬಂದರೆ ಎರಡು ದಿನ ಯಾರ ಜೊತೆಗೂ ಮಾತಿಲ್ಲವಂತೆ. ಮದುವೆಯಾದ ಎರಡನೇ ವರ್ಷ ನನ್ನ ಗಂಡ ಬೆಟ್ಟಸ್ವಾಮಿ ಅಟ್ಟದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಮೂಳೆ ಕೂಡಿತು, ನಡೆಯುವ ಹಾಗಾದರು, ಆದರೆ ಮತ್ತೆ ಏಣಿ ಹತ್ತಲಾಗಲಿಲ್ಲ. ಅಂದಿನಿಂದ ಅಟ್ಟ ಗುರುಸಿದ್ದಮ್ಮನ ಪಾಲಿಗೆ ಬಂತು.

ನಮ್ಮ ಕಡೆ ಕೊಬ್ಬರಿ ಮಾಡುವುದು ಅಂದರೆ ಕಾಯುವ ಕೆಲಸ. ಸಿಪ್ಪೆ ಸಮೇತ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯಿ ಬಂದಿದೆಯೋ ಇಲ್ಲವೋ, ಅಂದರೆ ಒಳಗೆ ಉಂಡೆಯಾಗಿದೆಯೋ ಇಲ್ಲವೋ, ಕಣ್ಣಿಗೆ ಕಾಣುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಬೇಗ ಸುಲಿದರೆ ಕೊಬ್ಬರಿ ಹಸಿಯಾಗಿದ್ದು ಬೂಸಲು ಹಿಡಿಯುತ್ತದೆ. ತೀರಾ ತಡವಾದರೆ ಕೌಟಾಗಿ ನಾರುತ್ತದೆ.

ಗುರುಸಿದ್ದಮ್ಮನಿಗೆ ಆ ಕಿವಿ ಇತ್ತು. ಮೊದಮೊದಲು ನನ್ನ ಗಂಡನಿಗೆ ನಂಬಿಕೆ ಬರಲಿಲ್ಲವಂತೆ. ಅದಕ್ಕೆ ಅವಳು ಫೋನ್ ಹಿಡಿದುಕೊಂಡು ಅಟ್ಟ ಹತ್ತುವುದು, ಒಂದೊಂದೇ ಕಾಯನ್ನು ಫೋನಿನ ಹತ್ತಿರ ಅಲ್ಲಾಡಿಸಿ ವಿಡಿಯೊ ಮಾಡುವುದು, ಕೆಳಗಿಳಿದು ಗಂಡನಿಗೆ ಕೇಳಿಸುವುದು. ಅವರು ಕಣ್ಣು ಮುಚ್ಚಿ ಕೇಳಿ ಹೂಂ ಅಂದ ಮೇಲೆ ಸುಲಿಯುವವರಿಗೆ ಹೇಳಿ ಕಳಿಸುವುದು. ಬರಬರುತ್ತಾ ಊರಿನವರೂ ಅವಳನ್ನು ತಮ್ಮ ತಮ್ಮ ಅಟ್ಟಕ್ಕೆ ಕರೆಯತೊಡಗಿದರು. ಹೋಗಿ, ಹತ್ತಿ, ಕೇಳಿ, ಅವರು ಕೊಟ್ಟ ಎಲೆಅಡಿಕೆ ಹಾಕಿಕೊಂಡು ಬರುತ್ತಿದ್ದಳು. ಅವಳು ಬಂದಿದೆ ಅಂದ ಕಾಯಿ ಒಡೆದು ಮೋಸ ಹೋದವರಿಲ್ಲ ಎಂದು ನಮ್ಮತ್ತೆ ಇವತ್ತಿಗೂ ಹೇಳುತ್ತಾರೆ. ಹೇಳುವಾಗ ನನ್ನ ಕಡೆ ನೋಡುತ್ತಾರೆ.

ಒಂದು ಮಳೆಗಾಲದ ಜ್ವರಕ್ಕೆ ಮೂರೇ ದಿನದಲ್ಲಿ ಹೋಗಿಬಿಟ್ಟಳು. ಮೂವತ್ತೆರಡು ವರ್ಷ. ಮಕ್ಕಳಿರಲಿಲ್ಲ. ಅವಳ ಫೋನಿನಲ್ಲಿದ್ದದ್ದನ್ನೆಲ್ಲ ನನ್ನ ಗಂಡ ತುರುವೇಕೆರೆಯಲ್ಲಿ ಒಂದು ಹಾರ್ಡ್‌ಡಿಸ್ಕಿಗೆ ಹಾಕಿಸಿದರು. ಮದುವೆಯ ವಿಡಿಯೊವನ್ನೂ ಅದರಲ್ಲೇ ಸೇರಿಸಿ ತಂದು, ಬೀರುವಿನಲ್ಲಿ ಅವಳ ಸೀರೆಗಳ ಕೆಳಗೆ ಇಟ್ಟರು. ಫೋನು ಆಮೇಲೆ ಬ್ಯಾಟರಿ ಉಬ್ಬಿ ಹಾಳಾಯಿತು. ಉಳಿದದ್ದು ಆ ಡಿಸ್ಕು ಒಂದೇ.

ಇನ್ನು ನಾನು ಭಾನುಪ್ರಿಯಾ. ಚಿಕ್ಕನಾಯಕನಹಳ್ಳಿ ಪೇಟೆಯವಳು, ಅಪ್ಪನದು ದಿನಸಿ ಅಂಗಡಿ. ಕಂಪ್ಯೂಟರ್ ಡಿಪ್ಲೊಮಾ ಓದಿ ತಿಪಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಒಂಬತ್ತು ವರ್ಷ ದುಡಿದಿದ್ದೇನೆ. ಮಗಳ ನಾಮಕರಣದ ಫೋಟೊ ಹೋಯಿತೆಂದು ಅಳುತ್ತಾ ಬಂದವರು ನಗುತ್ತಾ ಹೋಗಿದ್ದಾರೆ, ನನ್ನ ಕೈಯಿಂದ. ಈ ಮನೆಯಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಇಲ್ಲಿ ಬೇಕಾದದ್ದು ಕಾಯಿ ಕೇಳುವ ಕಿವಿ.

ಹೋದ ವರ್ಷ ಹಟ ಹಿಡಿದು ನಾನೇ ಅಟ್ಟ ಹತ್ತಿದೆ. ಅಲ್ಲಾಡಿಸಿದೆ. ಗಡಗಡ ಅಂದಿತು. ಬಂದಿದೆ ಅಂದೆ. ಸುಲಿಸಿ ಒಡೆಸಿದರೆ ಅರ್ಧಕ್ಕರ್ಧ ಕಾಯಿಗಳ ಒಳಗೆ ಇನ್ನೂ ತೇವ. ತಿಪಟೂರಿನ ಮಂಡಿಯಲ್ಲಿ ಕರಿಬಸವಯ್ಯನವರು ಒಂದು ಉಂಡೆಯನ್ನು ಉಗುರಿನಿಂದ ಒತ್ತಿ ನೋಡಿ, "ಆಯಮ್ಮ ಇದ್ದಿದ್ರೆ ಹಿಂಗಾಯ್ತಿರ್ಲಿಲ್ಲ ಕಣಪ್ಪ ಬೆಟ್ಟಸ್ವಾಮಿ" ಅಂದರಂತೆ. ಇದನ್ನು ನನಗೆ ನನ್ನ ಗಂಡ ಹೇಳಲಿಲ್ಲ. ಜೊತೆಗೆ ಹೋಗಿದ್ದ ಪಕ್ಕದ ತೋಟದ ಮಲ್ಲೇಶ್ ಜಗಲಿಯಲ್ಲಿ ಕೂತು, ನಾನೇ ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದ. ಅವತ್ತಿನಿಂದ ಅವನಿಗೆ ಕಾಫಿ ಬಂದ್.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಮನೆಗೆ ದೊಡ್ಡ ಟಿವಿ ಬಂತು. ಬಂದ ವಾರವೇ ನನ್ನ ಗಂಡ ಬೀರುವಿನಿಂದ ಡಿಸ್ಕು ತೆಗೆದು ಟಿವಿಗೆ ಚುಚ್ಚಿದರು. ಟಿವಿ ಅದನ್ನು ಓದಲಿಲ್ಲ.

"ನೋಡೇ ಭಾನು, ಇದು ತಗಳಕಿಲ್ಲ ಅಂತೈತೆ," ಅಂದರು.

ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಡಿಸ್ಕಿನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್. ಈ ಟಿವಿಗೆ ಅದು ಆಗಿಬರುವುದಿಲ್ಲ, ಎಕ್ಸ್‌ಫ್ಯಾಟ್ ಬೇಕು. ಫೈಲ್ ಸಿಸ್ಟಮ್ ಅಂದರೆ ಡಿಸ್ಕು ತನ್ನೊಳಗೆ ಫೈಲುಗಳನ್ನು ಜೋಡಿಸಿಟ್ಟುಕೊಳ್ಳುವ ಕ್ರಮ. ಇದರಿಂದ ಅದಕ್ಕೆ ಬದಲಾಯಿಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಆಗ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

"ಅಟ್ಟಕ್ಕೆ ಹಾಸಿರೋ ದಬ್ಬೆ ಬದಲಾಯಿಸಬೇಕು ಅಂದ್ರೆ ಕಾಯೆಲ್ಲ ಕೆಳಗಿಳಿಸ್ಬೇಕಲ್ವೇನ್ರೀ, ಹಂಗೆ," ಎಂದು ಅವರಿಗೆ ತಿಳಿಯುವ ಹಾಗೆ ಹೇಳಿದೆ. "ಮೊದ್ಲು ಎಲ್ಲಾನೂ ಲ್ಯಾಪ್‌ಟಾಪಿಗೆ ಇಳಿಸ್ಕಂತೀನಿ. ಆಮೇಲೆ ಡಿಸ್ಕು ಸರಿ ಮಾಡಿ ವಾಪಸ್ ತುಂಬ್ತೀನಿ."

"ಒಂದೂ ಹೋಗ್ಬಾರ್ದು ಕಣೇ."

"ನನ್ ಕೈಲಿ ಯಾವತ್ತು ಏನು ಹೋಗೈತೆ?"

ಸುಳ್ಳಲ್ಲ. ಅಂಗಡಿಯಲ್ಲಿ ನನ್ನದೊಂದು ರೀತಿ ಇತ್ತು. ಕಾಪಿ ಆದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ಸರಿಯಾಗಿದೆಯೇ ನೋಡುತ್ತಿದ್ದೆ. ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು ತೆರೆದು ಓಡಿಸುತ್ತಿದ್ದೆ. ಗಿರಾಕಿಯನ್ನೇ ಕೂರಿಸಿ ತೋರಿಸಿ, ಅವರು ಸರಿ ಅಂದ ಮೇಲೆಯೇ ಡಿಸ್ಕಿಗೆ ಕೈ ಹಚ್ಚುತ್ತಿದ್ದೆ. ಒಂಬತ್ತು ವರ್ಷದಲ್ಲಿ ಯಾರದೂ ಒಂದು ಫೋಟೊ ಹೋಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವರು ತೋಟಕ್ಕೆ ಹೋದರು. ಅತ್ತೆ ನಡುಮನೆಯಲ್ಲಿ ಮಲಗಿದರು. ನಾನು ಡಿಸ್ಕು ತೆರೆದೆ. ಮೂರು ಫೋಲ್ಡರ್: ಮದುವೆ, ಫೋಟೊ, ಅಟ್ಟ.

ಮದುವೆ ನೋಡಿ ನನಗೇನೂ ಆಗಲಿಲ್ಲ. ಮದುವೆಯಲ್ಲಿ ಎಲ್ಲರೂ ಬೊಂಬೆಯ ಹಾಗೇ ಇರುತ್ತಾರೆ. ಫೋಟೊಗಳನ್ನೂ ತಡೆದುಕೊಂಡೆ. ಎರಡನ್ನೂ ಲ್ಯಾಪ್‌ಟಾಪಿಗೆ ಕಾಪಿ ಹಾಕಿ, ಆಗುವವರೆಗೆ ನೋಡೋಣವೆಂದು ಅಟ್ಟ ತೆರೆದೆ. ಇನ್ನೂರ ಹದಿಮೂರು ವಿಡಿಯೊ.

ಕತ್ತಲು. ಹೆಂಚಿನ ಸಂದಿಯಿಂದ ಒಂದಿಷ್ಟು ಬಿಸಿಲು. ಹಸಿರು ಬಳೆ ತೊಟ್ಟ ಕೈ, ಕೈಯಲ್ಲಿ ಕಾಯಿ. ಮುಖವಿಲ್ಲ, ಬರೀ ದನಿ. "ಇವತ್ತು ಸ್ವಾಮಾರ. ಇದು ಮೂಡ್ಲ ಮೂಲೇದು. ಕೇಳ್ಕಳಿ, ಇದು ಬಂದೈತೆ." ಇನ್ನೊಂದು ಕಾಯಿ ಅಲ್ಲಾಡಿತು. "ಇದು ಸದ್ದು ಮಾಡ್ತೈತೆ ಅಂತ ನಂಬಬ್ಯಾಡಿ. ಇದ್ರಾಗೆ ಇನ್ನೂ ನೀರೈತೆ." ನನಗೆ ಎರಡೂ ಒಂದೇ ಥರ ಕೇಳಿಸಿದವು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಮತ್ತೂ ಒಂದೇ ಥರ. ಏಳನೇ ಕ್ಲಾಸಿನವಳ ಮುಂದೆ ದಡ್ಡಿಯಾಗಿ ಕೂತ ಹಾಗಾಯಿತು.

ಮೂರನೆಯದರಲ್ಲಿ ಅವಳು ಮೇಲಿನಿಂದ ಕೂಗಿದಳು, "ರೀ, ಕೇಳುಸ್ತಾ?"

ಕೆಳಗಿನಿಂದ ನನ್ನ ಗಂಡನ ದನಿ. "ಕೇಳುಸ್ತು, ಇಳಿಯೇ ಸಾಕು. ಕಾಯಿಗಿಂತ ನಿನ್ ಬಾಯ್ದೇ ಸದ್ದು ಜಾಸ್ತಿ ಐತೆ."

ಹಾಗೆಂದು ಅವರು ನಕ್ಕರು. ಅವಳೂ ನಕ್ಕಳು, ಫೋನು ಅಲುಗಿತು. ಅವರು ಇನ್ನೂ ನಗುತ್ತಿದ್ದರು, ಉಸಿರು ಸಿಗದ ಹಾಗೆ, ಹೊಟ್ಟೆ ಹಿಡಿದುಕೊಂಡು ನಗುವವರ ಹಾಗೆ.

ಆ ನಗು ನಾನು ಕೇಳಿರಲಿಲ್ಲ. ನನ್ನ ಗಂಡ ಕೆಟ್ಟವರಲ್ಲ. ನನ್ನನ್ನು ಒಂದು ದಿನ ಗದರಿಲ್ಲ, ಪೇಟೆಗೆ ಹೋದರೆ ಹೂವು ತಾರದೆ ಬರುವುದಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಒಂದು ಸಲವೂ ನನ್ನ ಜೊತೆ ಹಾಗೆ ನಕ್ಕಿಲ್ಲ. ಆ ನಗುವನ್ನು ಅವಳೇ ಕಟ್ಟಿಕೊಂಡು ಹೋಗಿ ಈ ಡಿಸ್ಕಿನಲ್ಲಿ ಇಟ್ಟಿದ್ದಾಳೆ, ನಾಳೆ ಇದು ದೊಡ್ಡ ಟಿವಿಯಲ್ಲಿ ಮನೆ ತುಂಬಾ ಕೇಳಿಸುತ್ತದೆ, ನಾನು ಅಡುಗೆಮನೆಯಲ್ಲಿ ನಿಂತು ಕೇಳಬೇಕು.

ಅಟ್ಟ ಫೋಲ್ಡರ್ ಮೂವತ್ತೊಂದು ಜಿಬಿ ಇತ್ತು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಜಾಗ ಇಪ್ಪತ್ತು. ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಬ್ಯಾಗಿನಲ್ಲಿ ಅರವತ್ತನಾಲ್ಕು ಜಿಬಿಯ ಖಾಲಿ ಪೆನ್‌ಡ್ರೈವ್ ಇತ್ತು. ಬ್ಯಾಗು ಕೈಗೆಟಕುವ ದೂರದಲ್ಲೇ ಇತ್ತು. ತೆಗೆಯಲಿಲ್ಲ.

ಫಾರ್ಮ್ಯಾಟ್ ಮಾಡುವಲ್ಲಿ ಕ್ವಿಕ್ ಎಂದು ಒಂದು ಚೌಕವಿರುತ್ತದೆ. ಅದಕ್ಕೆ ಟಿಕ್ ಇದ್ದರೆ ಎರಡು ನಿಮಿಷದ ಕೆಲಸ, ಆಮೇಲೆ ಮನಸ್ಸು ಬದಲಾದರೂ ಹೋದ ಫೈಲುಗಳನ್ನು ಎಷ್ಟೋ ಮಟ್ಟಿಗೆ ಮರಳಿ ತೆಗೆಯಬಹುದು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಟಿಕ್ ತೆಗೆದೆ. ಡಿಸ್ಕಿನ ಮೂಲೆಮೂಲೆಯನ್ನೂ ಒರೆಸಿಕೊಂಡು ಬರಲಿ ಎಂದೇ ತೆಗೆದೆ. ಹಸುಗಳು ಮನೆಗೆ ಬರುವ ಹೊತ್ತಿಗೆ ಮುಗಿಯಿತು. ಮದುವೆಯನ್ನೂ ಫೋಟೊಗಳನ್ನೂ ವಾಪಸ್ ತುಂಬಿ, ಮುಖ ತೊಳೆದುಕೊಂಡು ಬಂದು ಕಾಫಿಗಿಟ್ಟೆ.

ಸಂಜೆ ಟಿವಿ ಡಿಸ್ಕನ್ನು ಓದಿತು. ಅತ್ತೆ ಮದುವೆಯ ವಿಡಿಯೊ ನೋಡಿ ಕಣ್ಣೊರೆಸಿಕೊಂಡರು. ನನ್ನ ಗಂಡ ಅದನ್ನು ಪೂರ್ತಿ ನೋಡಲೇ ಇಲ್ಲ. ರಿಮೋಟು ಒತ್ತುತ್ತಾ ಕೆಳಗೆ ಹೋದರು, ಮೇಲೆ ಬಂದರು.

"ಅಟ್ಟದ್ದು ಎಲ್ಲೈತೆ?"

"ಅದು ಕಾಪಿ ಮಾಡುವಾಗ ಎರರ್ ಬಂತು ಕಣ್ರೀ. ಉಳೀಲಿಲ್ಲ."

ಅವರು ರಿಮೋಟನ್ನು ಪಕ್ಕಕ್ಕಿಟ್ಟರು. "ಒಂದೂನೂವಾ?"

"ಒಂದೂ ಇಲ್ಲ."

"ಹೋಗ್ಲಿ ಬುಡು," ಅಂದರು. ಡಿಸ್ಕನ್ನು ಟಿವಿಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡು ಅಂದರು, "ನಿಂಗೋಸ್ಕರ ಕಣೇ ನಾನು ಇದನ್ನ ತೆಗೆದಿದ್ದು. ಫೋನ್ನಾಗೆ ಸಣ್ಣಗೆ ಕೇಳ್ತಿತ್ತು, ದೊಡ್ಡ ಟಿವಿನಾಗೆ ಚೆನ್ನಾಗ್ ಕೇಳ್ತದೆ. ಅವ್ಳು ಒಂದೊಂದ್ ಕಾಯಿಗೂ ಬಂದೈತೆ, ಬಂದಿಲ್ಲ ಅಂತ ಹೇಳ್ಕಂಡ್ ಹೋಗವ್ಳೆ. ನೀನೂ ಕೈಯಾಗೆ ಕಾಯಿ ಹಿಡ್ಕಂಡು ಕೂತ್ಕಂಡ್ರೆ ಈ ವರ್ಷ ಕಲ್ತುಬುಡ್ತಿದ್ದೆ. ಮಂಡಿನಾಗೆ ನಿನ್ ಬಗ್ಗೆ ಯಾರೂ ಮಾತಾಡ್ಬಾರ್ದು ಅಂತ."

ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ.

ಮರುದಿನದಿಂದ ನನಗೆ ತಿಳಿದಿರುವ ಎಲ್ಲ ರಿಕವರಿ ಸಾಫ್ಟ್‌ವೇರನ್ನೂ ಓಡಿಸಿದೆ. ನನ್ನ ಹಳೇ ಅಂಗಡಿಗೆ ಡಿಸ್ಕು ತೆಗೆದುಕೊಂಡು ಹೋದೆ. ಎಷ್ಟು ಚೆನ್ನಾಗಿ ಒರೆಸಿದ್ದೆನೆಂದರೆ ಒಂದು ಚೂರೂ ಸಿಗಲಿಲ್ಲ. ಒಂಬತ್ತು ವರ್ಷದ ವಿದ್ಯೆಯೆಲ್ಲ ಅಷ್ಟಕ್ಕೇ ಕಲಿತ ಹಾಗಿತ್ತು.

ಒಂಬತ್ತನೆಯ ದಿನ ಏಣಿಯ ಬುಡದಲ್ಲಿ ಅವರು ಕೂತಿದ್ದಾಗ ಹೇಳಿಬಿಟ್ಟೆ. ಎರರ್ ಬರಲಿಲ್ಲ, ನಾನೇ ಬಿಟ್ಟೆ, ಪೆನ್‌ಡ್ರೈವ್ ಬ್ಯಾಗಿನಲ್ಲೇ ಇತ್ತು, ಬೇಕೆಂದೇ ಒರೆಸಿದೆ ಎಂದು ಹೇಳಿದೆ. ನಿಮ್ಮ ನಗು ಕೇಳಿ ತಡೆಯಲಾಗಲಿಲ್ಲ ಎಂದೂ ಹೇಳಿದೆ.

"ಗೊತ್ತು," ಅಂದರು. "ನಿಜ್ವಾಗೂ ಎರರ್ ಬಂದಿದ್ರೆ ನೀನು ಡಿಸ್ಕಿಗೆ, ಅದನ್ನ ಹಾಕ್ಕೊಟ್ಟೋನಿಗೆ, ನಂಗೆ, ಎಲ್ರಿಗೂ ಬೈದಿರ್ತಿದ್ದೆ. ಅವತ್ತು ಸುಮ್ನೆ ಎದ್ದೋದೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಸೀರೆ ಎತ್ತಿ ಕಟ್ಟಿಕೊಂಡು ಅಟ್ಟ ಹತ್ತಿದೆ. ಈ ಸಲದ ಕಾಯಿಗೆ ಹನ್ನೊಂದು ತಿಂಗಳಾಗುತ್ತಾ ಬಂದಿತ್ತು. ಒಂದನ್ನು ಆರಿಸಿ ಅಲ್ಲಾಡಿಸಿದೆ, ಕೆಳಗೆ ತಂದು ಅವರ ಕೈಗೆ ಕೊಟ್ಟೆ.

"ನೀವು ಕಲಿಸ್ರಿ," ಅಂದೆ. "ಅವಳು ಬಂದೈತೆ ಅಂದಾಗ ನೀವೇ ತಾನೇ ಕೇಳಿ ಹೂಂ ಅಂತಿದ್ದದ್ದು."

ಅವರು ಕಾಯನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿದರು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡರು.

"ನಂಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ ಕಣೇ," ಅಂದರು. "ಅವ್ಳು ಹೇಳಿದ್ಕೆ ಹೂಂ ಅಂತಿದ್ದೆ, ಅಷ್ಟೆ. ಗಂಡಸಾಗಿ ಗೊತ್ತಿಲ್ಲ ಅನ್ನಕೆ ಆಗ್ದೆ."

ನನಗೆ ಅವಳು ಬೇಕಾಗಿದ್ದಳು. ಆ ಕ್ಷಣ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ, ಆ ಹಸಿರು ಬಳೆಯ ಕೈ ಬೇಕಾಗಿತ್ತು, ಬಂದೈತೆ, ಬಂದಿಲ್ಲ ಎನ್ನುವ ಆ ದನಿ ಬೇಕಾಗಿತ್ತು. ನಾನು ಮಚ್ಚು ತಂದು ಕಾಯಿ ಸುಲಿದು ಒಡೆದೆ. ಒಳಗೆ ನೀರಿತ್ತು.