ಮೈಕಿನಲ್ಲಿ ಕೂಗಿದ ಹೆಸರು

ಬೇಗಂಪೇಟೆಯ ನಮ್ಮ ಕಂಪನಿ ಸರ್ಕಾರಿ ಕಚೇರಿಗಳಿಗೆ ಕಂಪ್ಯೂಟರ್ ಪೂರೈಸುತ್ತಿತ್ತು. ಅದರ ದೊಡ್ಡ ಸಾಹೇಬರು ಬೀದರಿನ ಗುರುಶಾಂತಪ್ಪನವರು. ನಾನು ಅವರ ಚೀಲ ಹೊರುವವನು; ಕಾರ್ಡಿನಲ್ಲಿ ಮಾತ್ರ ‘ಎಕ್ಸಿಕ್ಯುಟಿವ್’ ಎಂದಿತ್ತು.

ಟೆಂಡರು ಪಾಸು ಮಾಡಬೇಕಿದ್ದ ಅಧಿಕಾರಿಯೂ ನಮ್ಮ ಬೀದರಿನ ಕಡೆಯವರೇ. ಸಿಕಂದರಾಬಾದಿನಲ್ಲಿ ಅವರ ಮಗಳ ಮದುವೆಗೆ ಸಾಹೇಬರು ಬಂಗಾರದ ಸರ ಒಯ್ದರು. ಗುಟ್ಟಾಗಿ ಕೊಟ್ಟು ಬರಬಹುದಿತ್ತು. ಆದರೆ ನಮ್ಮಲ್ಲಿ ಆಹೇರಿ, ಅಂದರೆ ಮದುವೆಯ ಉಡುಗೊರೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಕೂಗದಿದ್ದರೆ ಕೊಟ್ಟಂತೆಯೇ ಅಲ್ಲ.

“ಹೆಸರು ಹೇಳ್ಲೇನ್ರಿ ಸಾಹೇಬ್ರ?” ಎಂದೆ.

“ಹೇಳು ಲೇ! ನಾವೇನು ಕಳ್ಳರೇನು?”

ಕಂಪನಿಯ ಹೆಸರಿನ ಸಮೇತ ಮೈಕು ಕೂಗಿತು. ಸರ ನನ್ನದೇ ಎಂಬಂತೆ ನಾನು ಎದೆ ಉಬ್ಬಿಸಿ ನಿಂತೆ. ಎದುರಾಳಿ ಕಂಪನಿಯವರು ಅಲ್ಲೇ ಊಟಕ್ಕೆ ಕೂತಿದ್ದರು.

ಟೆಂಡರು ನಮಗೇ ಸಿಕ್ಕಿತು. ಹಿಂದೆಯೇ ಲಂಚದ ದೂರು ಹೋಯಿತು, ಪತ್ರಿಕೆಯಲ್ಲಿ ಸಾಹೇಬರ ಫೋಟೋ ಬಂತು. ಕಂಪನಿ ಅವರನ್ನು ಮನೆಯಲ್ಲಿ ಕೂರಿಸಿತು.

ಮೊನ್ನೆ ಪಟಾನ್‌ಚೆರುವಿನಲ್ಲಿ ಅವರ ತಂಗಿ ಗುರುದೇವಿಯವರ ಮಗಳ ಮದುವೆ. ಸೋದರಮಾವನ ಆಹೇರಿಯನ್ನೇ ಮೊದಲು ಕೂಗಬೇಕು. ಸಾಹೇಬರು ಸೀರೆ ಹಿಡಿದು ಕಂಬದ ಮರೆಯಲ್ಲಿ ನಿಂತಿದ್ದರು.

“ಅಣ್ಣಾ, ಎಲ್ಲಾರೂ ಕಾಯಾಕತ್ತಾರ. ನಿನ್ನ ಹೆಸರು ಕೂಗಸ್ಲೇನು?” ಎಂದು ತಂಗಿ ಕೇಳಿದರು.

“ಬ್ಯಾಡವ್ವಾ. ಮಂದಿ ತಿರುಗಿ ನೋಡ್ತಾರ.”

“ಮಾವ ಬರಲೇ ಇಲ್ಲ ಅಂತಾರ, ಅಣ್ಣಾ.”

ಸಾಹೇಬರು ಸೀರೆಯನ್ನು ನನ್ನ ಕೈಗಿಟ್ಟು, “ಹಂಪಯ್ಯಾ, ನಿನ್ನ ಹೆಸರ್ಲೇ ಕೊಡಪಾ” ಎಂದರು.

ಸೋದರಮಾವನ ಜಾಗದಲ್ಲಿ ಮೈಕು ನನ್ನ ಹೆಸರು ಕೂಗಿತು. ಮಂದಿಯೆಲ್ಲ ತಿರುಗಿ ನೋಡಿದರು. ಈ ಸಲ ಎದೆ ಉಬ್ಬಲಿಲ್ಲ. ನಾನೂ ಒಂದು ಕಂಬ ಹುಡುಕಿದೆ.