ಕಾಂಡಿ ತುಂಬುತ್ತಿದ್ದ ಮಾಯವ್ವ

ಮಕ್ಕಳೇ, ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಬಸ್ಸಿನಿಂದಿಳಿದು, ಕರೆದೊಯ್ಯಲು ಬಂದಿದ್ದ ನನ್ನ ತಮ್ಮನ ಜೊತೆ ಅವನ ಓಣಿ ಹೊಕ್ಕಾಗ ಅವನ ಬಾಯಿ ಅಲುಗುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನ ಕಿವಿಯೇ ಹೋಯಿತೆಂದು ಹೆದರಿದೆ. ಎರಡೂ ಕಡೆ ಶೆಡ್ಡುಗಳು, ಹಗಲೂ ರಾತ್ರಿ ವಿದ್ಯುತ್ ಮಗ್ಗಗಳ ಖಡಖಡ. ಗಡಹಿಂಗ್ಲಜದಾಚೆಯ ನಮ್ಮ ಹಳ್ಳಿಯಲ್ಲಿ ಪಕ್ಕದ ಹೊಲದವರು ಕೆಮ್ಮಿದರೂ ಯಾರೆಂದು ತಿಳಿಯುತ್ತಿತ್ತು. ಇಲ್ಲಿ ಎದುರಿಗೆ ನಿಂತವರ ತುಟಿ ನೋಡಿ ಮಾತು ತಿಳಿಯಬೇಕು. ಎಪ್ಪತ್ತರ ದಶಕವದು. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಿಮ್ಮ ತಾಯಿಯ ಕೈ ಹಿಡಿದು ಬಂದಿದ್ದೆ.

ಚಾಳಿನಲ್ಲಿ, ಅಂದರೆ ಒಂದೇ ಜಗಲಿಗೆ ಹತ್ತಿದ ಕೋಣೆಗಳ ಸಾಲಿನಲ್ಲಿ, ನಮಗೊಂದು ಕೋಣೆ ಸಿಕ್ಕಿತು. ನಿಮ್ಮ ತಾಯಿ ಮರಾಠಿ ಶಾಲೆ ಸೇರಿ ಬೇಗನೆ ಮರಾಠಿಯಲ್ಲಿ ಜಗಳವಾಡುವಷ್ಟಾದಳು. ನನಗೆ ಅಂಗಡಿಯಲ್ಲಿ ಬೆಲ್ಲ ಕೇಳಲೂ ನಾಚಿಕೆ, ಬೆರಳು ತೋರಿಸುತ್ತಿದ್ದೆ.

ಆ ಓಣಿಯಲ್ಲಿ ನನ್ನನ್ನು ಮೊದಲು ಕನ್ನಡದಲ್ಲಿ ಮಾತಾಡಿಸಿದವಳು ಮಾಯವ್ವ. ಎಂಟೊಂಬತ್ತರ ಹುಡುಗಿ, ಬರಿಗಾಲು. ಗಟಾರದಿಂದ ನೂಲಿನ ಚಿಂದಿ ಆರಿಸಿ ಗುಜರಿಯವನಿಗೆ ಹಾಕುತ್ತಿದ್ದಳು. ನಾನು ಕೊಟ್ಟ ರೊಟ್ಟಿ ಮುರಿದು, "ಮಾವಶಿ, ಭಾಳ ದಪ್ಪ ಐತ್ರಿ. ಕಾಲಿಗಿ ಕಟ್ಕೊಂಡ್ರ ಚಪ್ಪಲಿ ಆಗತೈತಿ" ಎಂದು ನಕ್ಕಳು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ.

ಅವಳನ್ನೂ ಶಾಲೆಗೆ ಹಾಕಬೇಕೆಂಬ ಹಟ ನನಗೆ ಹತ್ತಿತು. ಕುರಿಗಳೆಲ್ಲ ರೋಗ ಬಂದು ಸತ್ತ ಮೇಲೆ ಊರು ಬಿಟ್ಟ ಮನೆತನ ಅವರದು. ತಂದೆ ಕಾಗಲದ ಕಡೆ ಲಾರಿ ಕೆಲಸಕ್ಕೆ ಹೋದವನು ಮರಳಿರಲಿಲ್ಲ. ತಾಯಿ ಲಕ್ಕವ್ವನ ತೊಡೆಯ ಮೇಲೆ ಎಳೆಗೂಸು.

"ಸಾಲಿಗಿ ಕಳಸ್ತೀನ್ರಿ ಅಕ್ಕಾರ. ನಮ್ಮ ಹೊಟ್ಟಿಗಿ ನೀವ ಹಾಕ್ತೀರೇನು?"

"ನಿನಗ ಕೆಲಸ ಕೊಡಸ್ತೀನಿ" ಅಂದೆ.

ತಮ್ಮನನ್ನು ಕಾಡಿ, ಅವನು ದುಡಿಯುವ ಶೆಡ್ಡಿನಲ್ಲಿ ಕಾಂಡಿ ತುಂಬುವ ಕೆಲಸ ಕೊಡಿಸಿದೆ. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಕಡ್ಡಿ. ಮಾಯವ್ವ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ನಿಮ್ಮ ತಾಯಿಯ ಜೊತೆ ಶಾಲೆಗೆ ಹೋದಳು. ಆ ಮಳೆಗಾಲ ಈ ಊರು ನನ್ನದೂ ಅನ್ನಿಸಿತ್ತು.

ದೀಪಾವಳಿ ಕಳೆದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಶೆಡ್ಡಿನ ಹಿಂದಿನ ಕೋಣೆಗೆ ಹೋಗಿ ನೋಡಿದೆ. ಕಾಂಡಿ ತುಂಬಿದಷ್ಟಕ್ಕೆ ಕೂಲಿ, ಆದ್ದರಿಂದ ಪ್ರತಿಯೊಬ್ಬ ತಾಯಿಯ ಬದಿಗೂ ಮಕ್ಕಳು ಕೂತಿದ್ದವು. ಮಾಯವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕಾಂಡಿ ತುಂಬುತ್ತಿದ್ದಳು. ತಲೆತುಂಬ ಹತ್ತಿಯ ಧೂಳು.

ಲಕ್ಕವ್ವ ಎದ್ದು ನನ್ನ ಕಾಲು ಮುಟ್ಟಿದಳು. "ನಿಮ್ಮಿಂದ ಗಟಾರ ತಪ್ಪಿತ್ರಿ ಅಕ್ಕಾರ. ಈಗ ನೆರಳಾಗ ಕುಂತು ದುಡಿಯಾಕತ್ತಾಳ."

"ಸಾಲಿ ಬಿಡಸಬ್ಯಾಡವ್ವ, ನಿನಗ ಕೈ ಮುಗೀತೀನಿ."

"ನಿಮ್ಮ ಮಗಳಿಗಿ ಸೋದರಮಾವ ಅದಾನ್ರಿ. ಇಕೀಗಿ ಯಾರ ಅದಾರ?"

ನಾನು ತಲೆ ತಗ್ಗಿಸಿ ಹೊರಬಿದ್ದೆ. ಓಣಿಯ ತುದಿಯವರೆಗೆ ಮಾಯವ್ವ ಬೆನ್ನಿಗೆ ಬಂದಳು.

"ಮಾವಶಿ, ನನ್ನ ನಿಮ್ಮೂರಿಗಿ ಕರ್ಕೊಂಡು ಹೋಗ್ರಿ. ಕುರಿ ಕಾಯ್ತೀನಿ."

"ಅಲ್ಲಿ ನನಗ ಮನಿ ಉಳಿದಿಲ್ಲವ್ವ."

"ಮತ್ತ ಇಲ್ಲಿ ಐತೇನ್ರಿ?"

ನಿಮ್ಮ ತಾಯಿಯ ಶಾಲೆ ಬಿಡುವ ಹೊತ್ತಾಗಿತ್ತು. ನಾನು ಆ ಕಡೆ ನಡೆದೆ.